ಆಲ್ತಾರಿನ ಕೆಳಗಿನ ಮೂಲೆ

ಮೊಲಕ್ಕೆ ಒಂದೇ ಕಡೆ ಮೂತ್ರ ಮಾಡಲು ಕಲಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಬಿಜೈಯಲ್ಲಿ ಪಶುವೈದ್ಯರೊಬ್ಬರ ಕ್ಲಿನಿಕ್ಕಿನ ಸಹಾಯಕಿ ನಾನು; ಇಂಥ ಕೆಲಸಗಳಿಗೆ ಡಾಕ್ಟರ್ ನನ್ನನ್ನೇ ಮನೆಮನೆಗೆ ಕಳುಹಿಸುತ್ತಾರೆ. ಮೊಲ ತಾನೇ ಆರಿಸಿಕೊಂಡ ಮೂಲೆ ಬೇಕು, ಅಗಲವಾದ ಟ್ರೇ ಬೇಕು, ಟ್ರೇಯಲ್ಲಿ ಕೂತೇ ಬಾಯಿಗೆ ಸಿಗುವಂತೆ ಒಣಹುಲ್ಲು ಬೇಕು, ಮತ್ತೆ ಎರಡು ವಾರ ತಾಳ್ಮೆ ಬೇಕು. ಈ ಕೊನೆಯದು ನನ್ನಲ್ಲಿ ಹುಟ್ಟಿನಿಂದಲೇ ಕಡಿಮೆ. ಬಸ್ಸು ಐದು ನಿಮಿಷ ತಡವಾದರೆ ನಾನು ಸ್ಟಾಪಿನಲ್ಲಿ ನಾಲ್ಕು ಸಲ ಅತ್ತಿತ್ತ ನಡೆಯುವವಳು. ಆದರೂ ಕೆಲಸದಲ್ಲಿ ಹೇಗೋ ಸುಧಾರಿಸಿಕೊಂಡು ಬಂದಿದ್ದೆ, ಕಳೆದ ಮಳೆಗಾಲದವರೆಗೆ.

ಆ ಮಳೆಗಾಲ ನಾನು ಹೋಗುತ್ತಿದ್ದ ಮನೆ ಮಣ್ಣಗುಡ್ಡದ ಒಂದು ಹಳೆಯ ಫ್ಲ್ಯಾಟು. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್ ಮತ್ತು ಅವರ ಅತ್ತೆ ಇಬ್ಬರೇ ಇರುವುದು. ಟೀಚರ ಗಂಡ ಗಲ್ಫಿನಲ್ಲಿ. ಅತ್ತೆಯನ್ನು ನಾನು ಬಾಯಮ್ಮ ಎಂದು ಕರೆಯುತ್ತೇನೆ. ಕೊಂಕಣಿ ಕ್ರಿಸ್ತರ ಮನೆಯ ಹಿರಿಯ ಹೆಂಗಸರನ್ನು ನಾವು ಮೀನುಗಾರರ ಮನೆಯವರು ಹಾಗೆ ಕರೆಯುವುದು ರೂಢಿ. ನನ್ನ ಅಮ್ಮ ಮೀನಿನ ಬುಟ್ಟಿ ಹೊತ್ತು ಇದೇ ಮಣ್ಣಗುಡ್ಡದ ಗೇಟುಗಳ ಹೊರಗೆ ನಿಂತು "ಬಾಯಮ್ಮಾ" ಎಂದು ಕೂಗುತ್ತಿದ್ದಳು. ಗೇಟಿನ ಒಳಗೆ ಕಾಲಿಟ್ಟವಳಲ್ಲ. ನಾನು ಈಗ ಒಳಗೆ ಹೋಗಿ ಸೋಫಾದಲ್ಲಿ ಕೂರುತ್ತೇನೆ, ಚಹಾ ಕುಡಿಯುತ್ತೇನೆ. ಆದರೆ ಆ ಗೇಟು ನನ್ನ ತಲೆಯೊಳಗೆ ಇನ್ನೂ ಇದೆ ಎಂದು ಗೊತ್ತಾದದ್ದು ಈ ಮೊಲಗಳಿಂದ.

ಆ ಮನೆಯ ಮೊದಲ ಮೊಲ ಕೊಕೊ. ಬಿಳಿ ಮೈ, ಬೂದು ಕಿವಿಯ ಹೆಣ್ಣು. ಅದರ ಹಿಂದಿನ ವರ್ಷ ನಾನೇ ಅವಳಿಗೆ ಬಾಲ್ಕನಿಯ ಟ್ರೇ ಅಭ್ಯಾಸ ಮಾಡಿಸಿದ್ದೆ; ಹದಿಮೂರೇ ದಿನಕ್ಕೆ ಕಲಿತಿದ್ದಳು. ಕಳೆದ ಬೇಸಗೆಯಲ್ಲಿ ಅವಳು ಒಮ್ಮೆ ತಿನ್ನುವುದನ್ನೇ ನಿಲ್ಲಿಸಿದಳು. ಮೊಲ ಅರ್ಧ ದಿನ ತಿನ್ನದಿದ್ದರೆ ಕರುಳು ನಿಂತು ಬಿಡುತ್ತದೆ. ಮೂರು ದಿನ ಕ್ಲಿನಿಕ್ಕಿನಲ್ಲಿ ಸಿರಿಂಜಿನಲ್ಲಿ ಗಂಜಿ ಹಾಕಿ, ಹೊಟ್ಟೆ ನೀವಿ, ಒಂದು ಹಿಕ್ಕೆ ಬೀಳಲಿ ಎಂದು ದೇವರಿಗೆ ಹರಕೆ ಹೇಳುವುದೊಂದು ಬಾಕಿ. ಬದುಕಿಕೊಂಡಳು. ಹಗಲಿಡೀ ಒಂಟಿಯಾಗಿರುವುದು ಅವಳಿಗೆ ಒಗ್ಗುತ್ತಿಲ್ಲ, ಜೊತೆಗೊಂದು ಮೊಲ ಇದ್ದರೆ ಒಳ್ಳೆಯದು ಎಂದರು ಡಾಕ್ಟರ್.

ಆ ವಾರವೇ ಯಾರೋ ನಮ್ಮ ಕ್ಲಿನಿಕ್ಕಿನ ಶಟರಿನ ಮುಂದೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹೋಗಿದ್ದರು. ಒಳಗೆ ಕಂದು ಬಣ್ಣದ, ಉರುಟಾದ ಒಂದು ಗಂಡು. ಟೀಚರ್ ಅವನನ್ನು ನೋಡಿ ಬಟಾಟೊ ಎಂದರು, ಕೊಂಕಣಿಯಲ್ಲಿ ಆಲೂಗಡ್ಡೆ. ಆದರೆ ಅವರು ಸುಲಭದಲ್ಲಿ ಒಪ್ಪಲಿಲ್ಲ. ಒಂದನ್ನು ನೋಡಿಕೊಳ್ಳುವುದೇ ಕಷ್ಟ ಎಂದರು. ನಾನು ಮೂರು ಸಲ ಫೋನು ಮಾಡಿ, ಎರಡಿದ್ದರೆ ಒಂದಕ್ಕಿಂತ ಸುಲಭ ಎಂದು ಒಪ್ಪಿಸಿದೆ. ಡಾಕ್ಟರ್ ಅವನ ಬೀಜ ತೆಗೆದರು, ಮೈಯ ಕಾವು ಇಳಿಯಲಿ ಎಂದು ಒಂದೂವರೆ ತಿಂಗಳು ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡೆವು. ಮುಂದೆ ನಡೆದದ್ದಕ್ಕೆಲ್ಲ ಮೂಲ ನನ್ನ ಆ ಮೂರು ಫೋನು.

ಎರಡು ಮೊಲಗಳನ್ನು ಒಮ್ಮೆಲೇ ಬಿಟ್ಟರೆ ಕಚ್ಚಾಡುತ್ತವೆ. ಇಬ್ಬರಿಗೂ ಸೇರದ ಜಾಗದಲ್ಲಿ, ಜಾಲರಿಯ ಬೇಲಿಯೊಳಗೆ, ದಿನಕ್ಕೆ ಸ್ವಲ್ಪ ಹೊತ್ತು ಎದುರುಬದುರು ಕೂರಿಸಿ ಪರಿಚಯ ಮಾಡಿಸಬೇಕು. ಬಾಲ್ಕನಿ ಕೊಕೊಳ ರಾಜ್ಯ, ಅಲ್ಲಿ ಆಗದು. ಅಡುಗೆಮನೆಯ ಪಕ್ಕದ ಓಣಿ ಇಕ್ಕಟ್ಟು. ಹಾಲ್‌ನಲ್ಲಿ ಪೀಠೋಪಕರಣ ಇಲ್ಲದ, ಫ್ಯಾನಿನ ಗಾಳಿ ಬೀಳುವ ಖಾಲಿ ಜಾಗ ಒಂದೇ ಒಂದು ಇತ್ತು: ಆಲ್ತಾರಿನ ಕೆಳಗಿನ ಮೂಲೆ.

ಆಲ್ತಾರ್ ಎಂದರೆ ಅವರ ಮನೆಯ ದೇವರ ಪೀಠ. ತೇಗದ ಎತ್ತರದ ಮೇಜು, ಅದರ ಮೇಲೆ ಶಿಲುಬೆ, ಮರಿಯಮ್ಮನ ಪ್ರತಿಮೆ, ಸದಾ ಉರಿಯುವ ಕೆಂಪು ಕರೆಂಟಿನ ದೀಪ. ಶಿಲುಬೆಯ ಹಿಂದೆ ಕಳೆದ ವರ್ಷದ ಭತ್ತದ ತೆನೆ ಸಿಕ್ಕಿಸಿಟ್ಟಿತ್ತು. ಪ್ರತಿದಿನ ಸಂಜೆ ಏಳಕ್ಕೆ ಅತ್ತೆ ಸೊಸೆ ಅದರ ಮುಂದೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳುತ್ತಾರೆ. ಬಾಯಮ್ಮನ ಮೊಣಕಾಲು ಹೋಗಿ ಮೊಣಕಾಲೂರುವುದು ಆಗುವುದಿಲ್ಲ. ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ.

ನಾನು ಕೇಳಿದಾಗ ಅವರು ಸ್ವಲ್ಪ ಹೊತ್ತು ಆಲ್ತಾರಿನ ಅಂಚನ್ನು ಬೆರಳಿನಿಂದ ಒರೆಸಿದರು. ಹತ್ತು ದಿನ ಮಾತ್ರ ಬಾಯಮ್ಮ ಎಂದೆ. ಹತ್ತು ದಿನ ಎಂದು ಅವರೂ ಒಮ್ಮೆ ಹೇಳಿ, ತಲೆಯಾಡಿಸಿ ಒಳಗೆ ಹೋದರು.

ಬೇಲಿ ಹಾಕಿದೆ, ಮಧ್ಯೆ ದೊಡ್ಡ ಟ್ರೇ ಇಟ್ಟೆ, ಅದರ ಮೇಲೆ ಹುಲ್ಲಿನ ಬುಟ್ಟಿ ಕಟ್ಟಿದೆ. ಮೊದಲ ನಾಲ್ಕು ದಿನ ಬರೀ ಅಟ್ಟಾಡಿಸುವುದು, ಕೂದಲು ಕೀಳುವುದು. ನಾನು ದಪ್ಪ ಕೈಗವಸು ಹಾಕಿ ನಡುವೆ ಕೂತಿರುತ್ತಿದ್ದೆ. ಎಂಟನೆಯ ದಿನ ಬಟಾಟೊ ತಲೆ ನೆಲಕ್ಕೆ ಇಟ್ಟು ಮಲಗಿದ, ಕೊಕೊ ಬಂದು ಅವನ ಹಣೆ ನೆಕ್ಕಿದಳು. ಇಬ್ಬರೂ ಒಂದೇ ಟ್ರೇಯಲ್ಲಿ ಕೂತು ಒಂದೇ ಹುಲ್ಲಿನ ಎಳೆಯನ್ನು ಎರಡು ತುದಿಯಿಂದ ತಿಂದರು. ನಾನು ವಿಡಿಯೋ ತೆಗೆದು ಡಾಕ್ಟರಿಗೆ ಕಳುಹಿಸಿದೆ. ಹತ್ತನೆಯ ದಿನ ಮಾತಿನಂತೆ ಬೇಲಿ ಮಡಚಿ, ಟ್ರೇಯನ್ನು ಬಾಲ್ಕನಿಗೆ ಒಯ್ದಿಟ್ಟು, ಹೆಮ್ಮೆಯಿಂದ ನನ್ನ ಮನೆಯಿರುವ ಕಾವೂರಿನ ಬಸ್ಸು ಹತ್ತಿದೆ.

ಎರಡನೆಯ ದಿನ ಟೀಚರ ಫೋನು. ಆಲ್ತಾರಿನ ಕೆಳಗೆ ಮೂತ್ರ, ಒಂದು ಹಿಡಿ ಹಿಕ್ಕೆ. ಬಟಾಟೊ ಮಾತ್ರವಲ್ಲ, ಒಂದು ವರ್ಷ ಒಂದು ಹನಿ ಹೊರಗೆ ಹಾಕದ ಕೊಕೊ ಕೂಡ.

ಓಡಿ ಹೋಗಿ ನೋಡಿದೆ. ಮೊಲದ ಮೂತ್ರ ದಪ್ಪ. ಒಣಗಿದರೆ ಸುಣ್ಣದಂಥ ಬಿಳಿ ಕಲೆ ನಿಲ್ಲುತ್ತದೆ. ಮೊಸಾಯಿಕ್ ನೆಲದ ಆ ಕಲೆಯ ಆಕಾರ ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು. ನನ್ನ ಟ್ರೇ ಇದ್ದದ್ದು ಸರಿಯಾಗಿ ಅಲ್ಲಿ. ಇಬ್ಬರೂ ಜೊತೆಯಾದದ್ದು ಅಲ್ಲಿ, ಹುಲ್ಲು ತಿಂದದ್ದು ಅಲ್ಲಿ. ಇಬ್ಬರಿಗೂ ಸೇರಿದ್ದು ಅಂತ ಈ ಮನೆಯಲ್ಲಿ ಅವರಿಗೆ ಗೊತ್ತಿರುವ ಜಾಗ ಅದೊಂದೇ. ಹತ್ತು ದಿನ ಕೂತು ಕಲಿಸಿದವಳು ನಾನು, ಚೆನ್ನಾಗಿ ಕಲಿತಿದ್ದರು ಅವರು. ಟ್ರೇಯನ್ನು ವಾಪಸ್ ಅಲ್ಲೇ ಇಟ್ಟರೆ ಎರಡು ದಿನದಲ್ಲಿ ಮುಗಿಯುವ ಕೆಲಸ. ಬೇರೆ ಯಾರ ಮನೆಯಾದರೂ ಆ ಕ್ಷಣವೇ ಹೇಳಿಬಿಡುತ್ತಿದ್ದೆ.

ತಲೆಯೆತ್ತಿದರೆ ಕೆಂಪು ದೀಪ, ಶಿಲುಬೆ. ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತ ಬಾಯಮ್ಮ. ಹತ್ತು ದಿನ ಎಂದು ಮಾತು ಕೊಟ್ಟವಳು ನಾನು. ಅವರ ದೇವರ ಕೆಳಗೆ ಮೊಲದ ಹಿಕ್ಕೆಯ ಟ್ರೇ ಖಾಯಂ ಇರಲಿ ಎಂದು ಮೀನಿನ ಬುಟ್ಟಿಯವಳ ಮಗಳು ಹೇಗೆ ಹೇಳುವುದು? ಬೇರೆ ಉಪಾಯ ಮಾಡಿ ನೋಡುವಾ ಎಂದು ಬಾಯಿ ಮುಚ್ಚಿಕೊಂಡೆ.

ಬಾಯಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. ನೆಲ ಒರೆಸಿ, ಸೊಂಟ ಹಿಡಿದುಕೊಂಡು ಎದ್ದು, ತಣ್ಣಗೆ ಹೇಳಿದರು.

"ಮಗಾ, ನನಗೆ ಮೊಲದ ಮೇಲೆ ಸಿಟ್ಟಿಲ್ಲ. ಆದ್ರೆ ಮೊಂತಿ ಹಬ್ಬಕ್ಕೆ ಇನ್ನು ಐದು ವಾರ ಉಂಟು. ಮನೆ ತುಂಬ ಜನ ಬರ್ತಾರೆ. ಹೊಸ ತೆನೆ ತಂದು ಇಡುವ ಜಾಗ ಇದು. ಅಷ್ಟರೊಳಗೆ ಸರಿಯಾಗದಿದ್ರೆ ಆ ಗಂಡನ್ನು ನನ್ನ ತಮ್ಮ ತಗೊಂಡು ಹೋಗ್ತಾನೆ."

ಮೊಂತಿ ಹಬ್ಬ ಅವರ ತೆನೆಹಬ್ಬ. ಇಗರ್ಜಿಯಲ್ಲಿ ಪಾದ್ರಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆ ಆಲ್ತಾರಿಗೆ ಬರುತ್ತದೆ, ಹೊಸ ಅಕ್ಕಿ ಮನೆಯವರಿಗೆಲ್ಲ ಹಂಚಲಾಗುತ್ತದೆ. ನಮ್ಮಲ್ಲೂ ಬಾಗಿಲಿಗೆ ತೆನೆ ಕಟ್ಟುವುದುಂಟು, ಅದರ ಮರ್ಯಾದೆ ನನಗೆ ಹೇಳಿಕೊಡಬೇಕಾಗಿಲ್ಲ. ತಮ್ಮ ಯಾರು ಎಂದು ಲಿಫ್ಟಿನ ಹತ್ತಿರ ಟೀಚರನ್ನು ಕೇಳಿದೆ. ಊರ ಹೊರಗೆ ತೋಟವಿದೆ, ಮೊಲ ಸಾಕುತ್ತಾರೆ ಎಂದರು. ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಟೀಚರ್ ಲಿಫ್ಟಿನ ಗುಂಡಿ ಒತ್ತಿ, ನನ್ನ ಮುಖ ನೋಡದೆ ಹೇಳಿದರು: "ಅಲ್ಲಿ ಮೊಲಕ್ಕೆ ಯಾರೂ ಹೆಸರಿಡುವುದಿಲ್ಲ."

ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ, ಸೀಟಿದ್ದರೂ ನಿಂತೇ ಬಂದೆ. ಬಟಾಟೊ ಮಾಂಸವಾಗುತ್ತಾನೆ. ಜೊತೆ ಕಳೆದುಕೊಂಡ ಕೊಕೊ ಮತ್ತೆ ತಿನ್ನುವುದು ಬಿಡುತ್ತಾಳೆ. ಆ ಸಲದಂತೆ ಬದುಕುತ್ತಾಳೆ ಎಂದು ಡಾಕ್ಟರೂ ಹೇಳಲಾರರು.

ಆಮೇಲೆ ಮೂರು ವಾರಕ್ಕೂ ಹೆಚ್ಚು ಕಾಲ ನಾನು ಮಾಡಿದ್ದೆಲ್ಲ ಆ ಒಂದು ಮಾತನ್ನು ತಪ್ಪಿಸಲಿಕ್ಕೆ ಮಾಡಿದ ಸರ್ಕಸ್ಸು. ಮೂತ್ರ ಹೀರಿದ ಕಾಗದವನ್ನೂ ಹಿಕ್ಕೆಯನ್ನೂ ಬಾಲ್ಕನಿಯ ಟ್ರೇಗೆ ಹಾಕಿ ವಾಸನೆ ತೋರಿಸಿದೆ. ಇಬ್ಬರೂ ಬಂದು ಮೂಸಿ, ನಯವಾಗಿ ಒಂದೊಂದು ಎಳೆ ಹುಲ್ಲು ತಿಂದು, ಹಾಲ್‌ಗೆ ಹೋಗಿ ಕೆಲಸ ಮುಗಿಸಿದರು. ಮೂಲೆಗೆ ಅಡ್ಡ ಹಲಗೆ ಇಟ್ಟೆ. ಹಲಗೆಯ ಬುಡದಲ್ಲಿ ಮಾಡಿದರು. ಹಲಗೆಯ ಪಕ್ಕ ಸ್ಟೂಲು ಇಟ್ಟೆ. ಸ್ಟೂಲಿನ ಕೆಳಗೆ ಮಾಡಿದರು. ಇಬ್ಬರನ್ನೂ ಅಡುಗೆಮನೆಯ ಓಣಿಯಲ್ಲಿ ಆರು ದಿನ ಬೇಲಿ ಹಾಕಿ ಇಟ್ಟು, ಅಲ್ಲಿ ಟ್ರೇಯನ್ನು ಚೆನ್ನಾಗಿಯೇ ಉಪಯೋಗಿಸಿದ ಮೇಲೆ, ಇನ್ನು ಗೆದ್ದೆ ಎಂದು ಬೇಲಿ ತೆಗೆದೆ. ಬಟಾಟೊ ಬಾಣ ಬಿಟ್ಟ ಹಾಗೆ ಆಲ್ತಾರಿನ ಕಡೆ ಓಡಿದ. ನನಗೆ ಅಲ್ಲೇ ನೆಲದ ಮೇಲೆ ಕೂತು ಅಳುವಷ್ಟು ಸಿಟ್ಟು ಬಂತು.

ವಾಸನೆ ತೆಗೆಯಲು ವಿನೆಗರಿನಲ್ಲಿ ಒರೆಸಿ ಎಂದು ಹೇಳಿದ್ದೆ. ಅಂಗಡಿಯ ಬಿಳಿ ವಿನೆಗರ್ ಎಂದು ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು. ಅವರ ಅಡುಗೆಮನೆಯಲ್ಲಿ ವಿನೆಗರ್ ಎಂದರೆ ಹಂದಿಮಾಂಸದ ಸಾರಿಗೆಂದು ಜಾಡಿಯಲ್ಲಿ ಇಟ್ಟಿರುವ ಕಳ್ಳಿನ ವಿನೆಗರ್. ಬಾಯಮ್ಮ ಧಾರಾಳವಾಗಿ ಅದನ್ನೇ ಸುರಿದಿದ್ದರು. ಎರಡು ದಿನದಲ್ಲಿ ಆಲ್ತಾರಿನ ಸುತ್ತ ಸಣ್ಣ ನೊಣಗಳ ಹಿಂಡು, ಹಾಲ್ ಇಡೀ ಮದುವೆ ಮನೆಯ ವಾಸನೆ. ಅದರ ಮೇಲೆ ಫಿನಾಯಿಲ್.

ಫಿನಾಯಿಲ್ ಬೇಡ ಎಂದು ನಾನು ಮೊದಲೇ ಬೇಡಿಕೊಂಡಿದ್ದೆ. ಆದರೆ ಯಾವ ಹೊತ್ತಿಗೆ ಹೋದರೂ ಆ ಮೂಲೆಯಲ್ಲಿ ಮೂಗು ಉರಿಯುವಷ್ಟು ಫಿನಾಯಿಲ್ ವಾಸನೆ. ಬೆಳಿಗ್ಗೆ ಒಮ್ಮೆ, ತೇರ್ಸಿಗೆ ಮುಂಚೆ ಒಮ್ಮೆ ಬಾಯಮ್ಮ ಕುರ್ಚಿ ಹಿಡಿದುಕೊಂಡು ಬಗ್ಗಿ ಒರೆಸುತ್ತಿದ್ದರು. ಮೀನಿನ ಪಾತ್ರೆಗೆ ಫಿನಾಯಿಲ್ ಹಾಕಿದರೆ ಮೀನಿನ ವಾಸನೆ ಹೋಗುವುದಿಲ್ಲ, ಎರಡು ವಾಸನೆ ಆಗುತ್ತದೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಮೊಲದ ಮೂಗಿಗೆ ಅದು ಇನ್ನೂ ದೊಡ್ಡ ವಿಷಯ. ತಮ್ಮ ಗುರುತಿನ ಮೇಲೆ ಯಾರೋ ಪರದೇಶಿ ಬಂದು ಗುರುತು ಹಾಕಿದ್ದಾನೆ ಎಂದು ತಿಳಿದು, ಅವು ಮತ್ತೆ ಮೇಲೆ ಹಾಕುತ್ತವೆ. ಬಾಯಮ್ಮ ಒರೆಸಿದಷ್ಟೂ ಅವು ಮಾಡುತ್ತಿದ್ದವು, ಅವು ಮಾಡಿದಷ್ಟೂ ಬಾಯಮ್ಮ ಒರೆಸುತ್ತಿದ್ದರು.

ಇದನ್ನು ವಿವರಿಸಿದೆ. ಅವರು ಪೂರ್ತಿ ಕೇಳಿ, ಮೂತ್ರದ ಮುಂದೆ ಕೂತು ಪ್ರಾರ್ಥನೆ ಹೇಳುವುದು ಹೇಗೆ ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿತ್ತು. ಹೇಳುವ ಧೈರ್ಯವಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನನ್ನ ಮನಸ್ಸು ಆ ಮೂಲೆಯಲ್ಲೇ. ಒಂದು ನಾಯಿಯ ಉಗುರು ಹೆಚ್ಚು ಕತ್ತರಿಸಿ ರಕ್ತ ಬರಿಸಿದೆ. ಗಂಟೆಗೊಮ್ಮೆ ಫೋನು ತೆಗೆದು ಟೀಚರ ಸಂದೇಶ ಬಂತಾ ಎಂದು ನೋಡುವುದು, ಬಂದಿದ್ದರೆ ತೆರೆಯಲು ಹೆದರುವುದು. ಡಾಕ್ಟರ್ ಎಂತ ಆಯ್ತು ಎಂದು ಕೇಳಿದರು. ಮಳೆಗೆ ಹುಲ್ಲು ಒಣಗುತ್ತಿಲ್ಲ ಎಂದೇನೋ ಸುಳ್ಳು ಹೇಳಿದೆ. ಮನೆಯಲ್ಲೂ ಅದೇ ಗತಿ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅದರ ನಡುವೆ ಒಂದು ದಿನ ಕೊಕೊ ಸರಿಯಾಗಿ ತಿಂದಿಲ್ಲ, ಹಿಕ್ಕೆ ಸಣ್ಣದಾಗಿದೆ ಎಂದು ಟೀಚರ್ ಫೋಟೊ ಕಳುಹಿಸಿದರು. ಹಲಗೆ, ಸ್ಟೂಲು, ಚಪ್ಪಾಳೆ ತಟ್ಟಿ ಓಡಿಸುವುದು, ಇದೆಲ್ಲ ಅವಳ ಹೊಟ್ಟೆಗೆ ತಟ್ಟಿತ್ತು. ಮರುದಿನ ತಿಂದಳು. ಆದರೆ ನನ್ನ ಉಪಾಯಗಳು ಯಾರನ್ನು ಕೊಲ್ಲಬಹುದು ಎಂದು ಅಂದು ಕಣ್ಣೆದುರಿಗೆ ಬಂತು.

ಹಬ್ಬಕ್ಕೆ ಹನ್ನೊಂದು ದಿನ ಇದ್ದಾಗ ಒಂದು ಸಂಜೆ ಬಸ್ಸು ತಡವಾಗಿ, ನಾನು ಹೋಗುವಾಗ ತೇರ್ಸ್ ಆರಂಭವಾಗಿತ್ತು. ಶಬ್ದ ಮಾಡದೆ ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತೆ. ಪ್ರಾರ್ಥನೆಗೆಂದು ಹಲಗೆ, ಸ್ಟೂಲು ಎಲ್ಲ ತೆಗೆದಿದ್ದರು. ಬಟಾಟೊ ಓಣಿಯಿಂದ ನಿಧಾನವಾಗಿ ಬಂದ, ಹಿಂದೆ ಕೊಕೊ. ಅವನು ಮೂಲೆಯಲ್ಲಿ ನಿಂತು ನೆಲ ಮೂಸಿದ. ಒಂದು ಸುತ್ತು ತಿರುಗಿದ. ಮುಂಗಾಲಿನಿಂದ ಎರಡು ಸಲ ಮೊಸಾಯಿಕ್ ಕೆರೆದ. ಮತ್ತೆ ಕತ್ತೆತ್ತಿ, ಹುಲ್ಲಿನ ಬುಟ್ಟಿ ತೂಗುತ್ತಿದ್ದ ಎತ್ತರಕ್ಕೆ ಬಾಯಿ ಚಾಚಿದ. ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಆಮೇಲೆ ಟ್ರೇ ಇದ್ದ ಜಾಗದ ನಟ್ಟನಡುವೆ ಕೂತು ಮೂತ್ರ ಮಾಡಿದ.

ನಾನು ಹೇಳಿಕೊಟ್ಟದ್ದನ್ನು ಅವನು ಒಂದು ಅಕ್ಷರ ತಪ್ಪದೆ ಮಾಡುತ್ತಿದ್ದ. ಅವನನ್ನು ಅದಕ್ಕಾಗಿ ಕೊಲ್ಲಲು ಕಳುಹಿಸುವ ತಯಾರಿ ನಡೆದಿತ್ತು. ನನಗೆ ನನ್ನ ಮೇಲೆ ಹೇಸಿಗೆ ಆಯಿತು.

ಪ್ರಾರ್ಥನೆ ಮುಗಿಯಿತು. ಬಾಯಮ್ಮ ಜಪಮಾಲೆಯನ್ನು ಡಬ್ಬಿಯಲ್ಲಿಟ್ಟು ಒರೆಸುವ ಬಟ್ಟೆಗೆ ಕೈ ಹಾಕಿದರು. ನಾನು ಎದ್ದು ಹೋಗಿ ಅವರ ಕೈಯಿಂದ ಬಟ್ಟೆ ತೆಗೆದುಕೊಂಡೆ.

"ಬಾಯಮ್ಮ, ಇವರು ತಪ್ಪು ಮಾಡ್ತಾ ಇಲ್ಲ. ನಾನು ಟ್ರೇ ಇಟ್ಟದ್ದು ಇಲ್ಲಿ. ಇವರು ಇಲ್ಲಿಗೇ ಬರುವುದು. ಟ್ರೇ ವಾಪಸ್ ಇಲ್ಲೇ ಇಡಬೇಕು, ಬೇರೆ ದಾರಿ ಇಲ್ಲ."

ಟೀಚರ್ ನನ್ನನ್ನೂ ಅತ್ತೆಯನ್ನೂ ನೋಡಿದರು. ಬಾಯಮ್ಮ ಕುರ್ಚಿಯಲ್ಲಿ ಕೂತರು.

"ಇದು ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ."

"ಮತ್ತೆ ಇಷ್ಟು ದಿನ ಎಂತ ಮಾಡ್ತಾ ಇದ್ದೆ?"

"ಹತ್ತು ದಿನ ಅಂತ ಮಾತು ಕೊಟ್ಟಿದ್ದೆ. ನಿಮ್ಮ ದೇವರ ಕೆಳಗೆ ಹಿಕ್ಕೆಯ ಟ್ರೇ ಇಡಿ ಅಂತ ನಾನು ಹೇಗೆ ಹೇಳುವುದು ನಿಮಗೆ?"

ನಾನು ಬಟ್ಟೆ ಹಿಂಡುತ್ತಾ ನಿಂತಿದ್ದೆ, ಹಿಂಡಲು ಅದರಲ್ಲಿ ನೀರೇ ಇರಲಿಲ್ಲ. ಬಾಯಮ್ಮ ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟು, "ನಿನ್ನ ಮರ್ಯಾದೆಯಿಂದ ಮೂರು ವಾರ ಒರೆಸಿ ಒರೆಸಿ ನನ್ನ ಕಾಲು ಹೋಯ್ತು ಮಾರಾಯ್ತಿ" ಎಂದರು. ಆಮೇಲೆ ಆಲ್ತಾರಿನ ಕೆಳಗೆ ಟ್ರೇ ಇಡುವುದು ಮಾತ್ರ ಆಗದು ಎಂದರು. ಅವರು ಎದುರು ಗೋಡೆಯ ಕಡೆ, ಕಿಟಕಿಯ ಪಕ್ಕದ ಜಾಗವನ್ನು ನೋಡುತ್ತಿದ್ದರು.

"ಆಲ್ತಾರ್ ಅಲ್ಲಿ ಇಡುವಾ."

ಟೀಚರ್ ಬೆಚ್ಚಿದರು. ತಾವು ಮದುವೆಯಾಗಿ ಬಂದಂದಿನಿಂದ ಅದು ಅಲ್ಲೇ ಇದೆ, ಸೋಫಾ ಬದಲಾಗಿದೆ, ಟಿವಿ ಬದಲಾಗಿದೆ, ಅದು ಅಲುಗಿಲ್ಲ ಎಂದರು. ಬಾಯಮ್ಮ ಸೊಸೆಯ ಮಾತನ್ನು ಕೈಯಲ್ಲೇ ತಡೆದರು.

"ಮೊಲಕ್ಕೆ ಹೇಳಿದ್ರೆ ಅರ್ಥ ಆಗುವುದಿಲ್ಲ. ದೇವರಿಗೆ ಹೇಳಬಹುದು."

ಮರುದಿನ ಶನಿವಾರ, ಟೀಚರಿಗೆ ಅರ್ಧ ದಿನ. ಮೂರು ಹೆಂಗಸರು ಸೇರಿ ಮೇಜನ್ನು ಇಂಚಿಂಚು ಸರಿಸಿದೆವು. ಪ್ರತಿಮೆಯನ್ನೂ ಶಿಲುಬೆಯನ್ನೂ ಬಾಯಮ್ಮ ಯಾರಿಗೂ ಮುಟ್ಟಗೊಡದೆ, ತಮ್ಮ ಶಾಲಿನಲ್ಲಿ ಸುತ್ತಿ ಒಂದೊಂದಾಗಿ ತಾವೇ ಒಯ್ದರು. ಶಿಲುಬೆಯ ಹಿಂದಿನ ಹಳೆಯ ತೆನೆ ನೆಲಕ್ಕೆ ಬಿತ್ತು. ಬಟಾಟೊ ಅದರ ಬಳಿ ಬರುವ ಮೊದಲೇ ಎತ್ತಿ ಎದೆಗೆ ಒತ್ತಿಕೊಂಡರು. ಆಲ್ತಾರ್ ಆ ಮೂಲೆಯಲ್ಲಿ ಇಷ್ಟು ವರ್ಷ ಇದ್ದದ್ದಕ್ಕೆ ಒಂದು ಕಾರಣ ಆಗ ತಿಳಿಯಿತು. ಪ್ಲಗ್ಗು ಇದ್ದದ್ದು ಅಲ್ಲಿ ಮಾತ್ರ. ಕೆಂಪು ದೀಪಕ್ಕೆ ಹಾಲ್ ಸುತ್ತ ವಯರು ಎಳೆಯಬೇಕಾಯಿತು. ಮೊಲವಿರುವ ಮನೆಯಲ್ಲಿ ನೆಲದ ಮೇಲೆ ವಯರು ಎಂದರೆ ಅದಕ್ಕೊಂದು ತಿಂಡಿ ಇಟ್ಟ ಹಾಗೆ. ತೋಟಕ್ಕೆ ನೀರು ಬಿಡುವ ಪೈಪನ್ನು ಉದ್ದಕ್ಕೆ ಸೀಳಿ, ವಯರನ್ನು ಒಳಗೆ ಕೂರಿಸಿ, ಗೋಡೆಯಂಚಿಗೆ ಅಂಟಿಸಿದೆ. ಬಟಾಟೊ ಅದೇ ದಿನ ಪೈಪಿಗೆ ಹಲ್ಲು ಹಾಕಿ ನೋಡಿದ, ರುಚಿಸಲಿಲ್ಲ.

ಹಳೆಯ ಮೂಲೆಯನ್ನು ಬಿಳಿ ವಿನೆಗರಿಗೆ ಅಷ್ಟೇ ನೀರು ಸೇರಿಸಿ ಮೂರು ಸಲ ತೊಳೆದೆ. ಬೇಲಿ ಹಾಕಿ, ಟ್ರೇಯನ್ನು ಕಲೆಯ ಮೇಲೆಯೇ ಇಟ್ಟು, ಹುಲ್ಲಿನ ಬುಟ್ಟಿಯನ್ನು ಮೊದಲಿನ ಎತ್ತರಕ್ಕೇ ಕಟ್ಟಿದೆ. ಟ್ರೇಗೆ ಮರದ ಹೊಟ್ಟು ಹಾಕುವುದಿಲ್ಲ, ಅದರ ದೂಳಿಗೆ ಮೊಲ ಸೀನುತ್ತದೆ; ಹಳೆಯ ಪೇಪರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಾಕುವುದು. ಕತ್ತರಿಸುವ ಕೆಲಸ ಬಾಯಮ್ಮ ವಹಿಸಿಕೊಂಡರು. ಆದರೆ ದೇವರ ಚಿತ್ರ ಇರುವ ಪುಟ, ತೀರಿಕೊಂಡವರ ಫೋಟೊ ಇರುವ ಪುಟ ಎಲ್ಲ ಬದಿಗೆ. ರಾಜಕಾರಣಿಗಳ ಪುಟಗಳಿಗೆ ಅವರ ಅಡ್ಡಿಯಿರಲಿಲ್ಲ.

ಬೇಲಿಯೊಳಗೆ ಮೊದಲ ದಿನದಿಂದಲೇ ಒಂದು ಹನಿ ಹೊರಗೆ ಬೀಳಲಿಲ್ಲ. ಮೂರು ದಿನ ಬಿಟ್ಟು ಬೇಲಿಯನ್ನು ಚಾಪೆಯಷ್ಟು ಹಿಗ್ಗಿಸಿದೆ. ಮತ್ತೆ ಎರಡು ದಿನಕ್ಕೆ ಸೋಫಾದವರೆಗೆ. ಅಷ್ಟರಲ್ಲಿ ಒಂದು ಸಂಜೆ ಹೋಗಿ ನೋಡಿದರೆ ಟ್ರೇ ಕನ್ನಡಿಯಂತೆ ಹೊಳೆಯುತ್ತಿದೆ, ಇಬ್ಬರೂ ಅದರ ಹೊರಗೆ ಅಪರಿಚಿತರ ಮನೆಗೆ ಬಂದವರಂತೆ ಕೂತಿದ್ದಾರೆ. ಬಾಯಮ್ಮ ಸೋಪು ಹಾಕಿ ಉಜ್ಜಿ ಬಿಸಿಲಿಗೆ ಇಟ್ಟಿದ್ದರು. ನಾನು ತಲೆ ಚಚ್ಚಿಕೊಳ್ಳಲಿಲ್ಲ ಅಷ್ಟೆ. ತೊಳೆದರೂ ಒಂದು ಹಿಡಿ ಹಳೆಯ ಕಾಗದ ಉಳಿಸಿ ಮತ್ತೆ ಹಾಕಲೇಬೇಕು, ಇಲ್ಲವಾದರೆ ಇದು ತಮ್ಮದು ಎಂದು ಅವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಗಲೀಜನ್ನು ಉಳಿಸುವುದು ಎಂಬ ಮಾತು ಅವರ ಗಂಟಲಲ್ಲಿ ಇಳಿಯಲಿಲ್ಲ. ಕಡೆಗೆ ಒಪ್ಪಿ, ಆ ಒಂದು ಹಿಡಿಗೆಂದೇ ಮುಚ್ಚಳವಿರುವ ಬೇರೆ ಡಬ್ಬಿ ಮಾಡಿದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬೇಲಿ ಪೂರ್ತಿ ತೆಗೆದೆ. ಅಂದೇ ಸೋಫಾದ ಕಾಲಿನ ಬುಡದಲ್ಲಿ ಅಂಗೈಯಗಲ ಒದ್ದೆ. ಬಟಾಟೊ. ಹೊಸ ಜಾಗ ಸಿಕ್ಕಿದ ಗಂಡು ಒಮ್ಮೆ ಹಾಗೆ ಮಾಡುವುದುಂಟು, ಗಾಬರಿ ಪಡುವಂಥದ್ದಲ್ಲ. ಆದರೆ ಬಾಯಮ್ಮ ಅದನ್ನು ನೋಡಿದ್ದರು. ನೋಡಿ ನೇರ ಅಡುಗೆಮನೆಗೆ ಹೋದರು. ಆಮೇಲೆ ಮತ್ತೆ ಆಗಲಿಲ್ಲ, ಒಂದೆರಡು ಒಣ ಹಿಕ್ಕೆ ಬಿಟ್ಟರೆ. ತಮ್ಮನಿಗೆ ಬರಬೇಡ ಎಂದು ಹೇಳಿದ್ದಾರಾ ಎಂದು ಟೀಚರನ್ನು ಫೋನಿನಲ್ಲಿ ಕೇಳಿದೆ. ಕೇಳಲು ತನಗೆ ಧೈರ್ಯವಿಲ್ಲ, ಕೇಳಿದರೆ ನೆನಪು ಮಾಡಿಕೊಟ್ಟ ಹಾಗೆ ಆಗುತ್ತದೆ ಎಂದರು. ಆ ನಾಲ್ಕು ದಿನ ಹೇಗೆ ಕಳೆದೆ ಎಂದು ನನಗೇ ಗೊತ್ತು.

ಹಬ್ಬದ ಊಟಕ್ಕೆ ನನಗೂ ಹೇಳಿಕೆ ಇತ್ತು. ಡಾಕ್ಟರಲ್ಲಿ ಅರ್ಧ ದಿನ ರಜೆ ಕೇಳಿ ಹೋದೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕ ಹಸಿರು ಬಣ್ಣ ಹಚ್ಚಿದ ಒಂದು ತಂತಿಯ ಗೂಡು ಇತ್ತು, ಖಾಲಿ. ನನ್ನ ಕಾಲು ಅಲ್ಲೇ ನಿಂತಿತು.

ಒಳಗೆ ಹಾಲ್ ತುಂಬ ಜನ, ಮಕ್ಕಳು, ಒಂದು ಮೂಲೆಯಲ್ಲಿ ಕಬ್ಬಿನ ಕಟ್ಟು. ಬಾಯಮ್ಮನ ತಮ್ಮ ದೊಡ್ಡ ಮೈಯ, ನಗುಮುಖದ ಮನುಷ್ಯ. ಅವರು ಬಟಾಟೊನನ್ನು ಹುಲ್ಲಿನ ಬುಟ್ಟಿಯ ಕೆಳಗಿನಿಂದ ಎತ್ತಿ, ಬೆನ್ನಿನ ಮೇಲೆ ಕೈಯಾಡಿಸಿ, ಒಳ್ಳೆ ಮೈಕಟ್ಟು ಉಂಟು ಎಂದು ಯಾರಿಗೋ ಹೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಬಾಯಮ್ಮನ ಮುಖ ಹುಡುಕಿದೆ. ಅವರು ಅಡುಗೆಮನೆಯಲ್ಲಿ ಆಶೀರ್ವಾದದ ತೆನೆಯಿಂದ ಕಾಳು ಬಿಡಿಸುವುದರಲ್ಲಿ ಮುಳುಗಿದ್ದರು.

ಪ್ರಾರ್ಥನೆಗೆ ಎಲ್ಲರೂ ಕಿಟಕಿಯ ಪಕ್ಕದ ಆಲ್ತಾರಿನ ಕಡೆ ಮುಖ ಮಾಡಿ ನಿಂತರು. ನಾನು ಮಾತ್ರ ನೆಲ ನೋಡುತ್ತಿದ್ದೆ. ಅಷ್ಟು ಕಾಲುಗಳ ನಡುವೆ ಬಟಾಟೊ ಹೊರಟ. ಒಬ್ಬರ ಸೀರೆಯಂಚು ಮೂಸಿದ. ಹೊಸ ಜಾಗದ ಆಲ್ತಾರಿನ ಕೆಳಗೆ ಹೋಗಿ ನಿಂತ. ಮತ್ತೆ ತಿರುಗಿ, ಇಡೀ ಹಾಲ್ ದಾಟಿ, ಹಳೆಯ ಮೂಲೆಗೆ ಹೋಗಿ ಟ್ರೇಯೊಳಗೆ ಹಾರಿ, ಬಾಲ ಎತ್ತಿ ಕೂತು ಹುಲ್ಲು ಎಳೆದ. ಯಾರೂ ನೋಡಲಿಲ್ಲ. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು.

ಆಮೇಲೆ ಬಾಯಮ್ಮ ಹೊಸ ಅಕ್ಕಿಯನ್ನು ಅರೆದು ತೆಂಗಿನ ಹಾಲಿಗೆ ಬೆರೆಸಿದ ಪಾತ್ರೆ ಹಿಡಿದು ಬಂದರು. ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರಿಗೆ ಒಂದು ಚಮಚ. ಗಲ್ಫಿನಲ್ಲಿರುವ ಮಗನ ಹೆಸರು ಹೇಳಿ, ಅವನ ಪಾಲಿನ ನಾಲ್ಕು ಕಾಳು ಕಾಗದದಲ್ಲಿ ಕಟ್ಟಿಟ್ಟರು. ನಾನು ಹಿಂದೆ ಸರಿದು ನಿಂತಿದ್ದೆ. ಕೈ ನೀಡು ಮಗಾ ಎಂದು ನನಗೂ ಒಂದು ಚಮಚ ಹಾಕಿದರು. ಪಾತ್ರೆ ಕೆಳಗಿಟ್ಟು, ಮನೆಯವರಿಗೆಲ್ಲ ಆಯಿತಾ ಎಂದು ಸುತ್ತ ನೋಡಿದರು. ಆಯಿತು ಎಂದರು ಟೀಚರ್.

ಬಾಯಮ್ಮ ಉಳಿದ ಎರಡು ತೆನೆ ತೆಗೆದುಕೊಂಡು, ಕುರ್ಚಿ ಹಿಡಿದು ಕಷ್ಟಪಟ್ಟು ಬಗ್ಗಿದರು. ಒಂದನ್ನು ಕೊಕೊಳ ಮುಂದೆ ಹಿಡಿದರು. ಇನ್ನೊಂದನ್ನು ಬಟಾಟೊನ ಮುಂದೆ. ಎದ್ದು ನಿಂತು, ತಮ್ಮನ ಕಡೆ ತಿರುಗಿದರು.

"ನಿನ್ನ ಗೂಡಿನಲ್ಲಿ ಕಬ್ಬು ಹಾಕಿಕೊಂಡು ಹೋಗು. ಮಕ್ಕಳಿಗೆ ಆಗ್ತದೆ."

ತಮ್ಮ ಒಮ್ಮೆ ಅಕ್ಕನನ್ನು, ಒಮ್ಮೆ ತೆನೆ ಜಗಿಯುವ ಮೊಲವನ್ನು ನೋಡಿ, ಸರಿ ಎಂದರು. ಟೀಚರ್ ಕಣ್ಣೊರೆಸಿಕೊಂಡು ಬಾಳೆ ಎಲೆ ಹಾಕಲು ಎದ್ದರು. ನನಗೆ ಐದು ವಾರದ ಮೇಲೆ ಮೊದಲ ಸಲ ಕೂರಬೇಕು ಅನ್ನಿಸಿತು, ಅಲ್ಲೇ ಟ್ರೇಯ ಪಕ್ಕ ಕೂತೆ.

ಮೊಲಗಳಿಗೆ ಯಾವ ಧಾನ್ಯವನ್ನೂ ಕೊಡಬಾರದು ಎಂದು ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಎದುರಿನ ಫ್ರಿಡ್ಜಿನ ಮೇಲೆ ಕಾಣುತ್ತಿತ್ತು. ಬಾಯಮ್ಮನೂ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಟಾಟೊ ಕೊನೆಯ ಕಾಳನ್ನು ಮುರಿಯುತ್ತಿದ್ದ. ಈ ಸಲವೂ ನಾನು ಬಾಯಿ ಬಿಡಲಿಲ್ಲ.